ಬಾವಿಯ ಮೇಲಿನ ಪಾವಟಿಗೆ

ಹೈದರಾಬಾದಿನ ಕಾಲೇಜಿನಲ್ಲಿ ನಾನು ಕಲಿತ ವಿದ್ಯೆ ಎರಡು. ಒಂದು ಬಿ.ಎ., ಅದಿನ್ನೂ ಮುಗಿದಿಲ್ಲ. ಇನ್ನೊಂದು ಮೇಷ್ಟರುಗಳಂತೆಯೇ ದನಿ ತೆಗೆಯುವುದು, ಅದರಲ್ಲಿ ಫಸ್ಟ್ ಕ್ಲಾಸ್. ೧೯೪೫ರ ಬೇಸಿಗೆ ರಜೆಗೆ ಅರಕೇರಾಕ್ಕೆ ಬಂದಾಗ ನಮ್ಮವ್ವ ಬಂಡೆಮ್ಮನಿಗೆ ಬೇಕಾದದ್ದು ಎರಡನೆಯದೇ.

ಅವ್ವನ ಕಣಕಾಲಿಗೆ ನಾರುಹುಣ್ಣು. ಹುಣ್ಣಿನೊಳಗಿಂದ ದಾರದಂಥ ಹುಳ ಇಣುಕಿತ್ತು. ಗಡಿಗೆಪ್ಪ ಕಾಕಾ ಅದನ್ನು ಕಸಬರಿಗೆ ಕಡ್ಡಿಗೆ ದಿನಕ್ಕೊಂದೇ ಸುತ್ತು ಸುತ್ತುತ್ತಿದ್ದ. ಅವಸರಕ್ಕೆ ಎಳೆದರೆ ಹುಳ ಹರಿದು ಕಾಲೇ ಕೊಳೆಯುತ್ತದೆ. ಈ ಕಾಲಿನ ದೆಸೆಯಿಂದ ಅಕ್ಕ ಶೇಖಮ್ಮನ ಚೊಚ್ಚಲ ಬಾಣಂತನ ತವರು ತಪ್ಪಿ, ಗಂಡನ ಮನೆ ಬಾಗಲವಾಡದಲ್ಲೇ ಆಯಿತು. ಹೆಣ್ಣುಕೂಸು. ನಮ್ಮ ಮನೆಯಿಂದ ನೋಡಿ ಬಂದವನು ನಾನೊಬ್ಬನೇ.

"ಹೆಂಗ ಅಳತಾಳೋ?" ಅವ್ವ ಕೇಳಿದಳು.

ಅತ್ತು ತೋರಿಸಿದೆ. "ಙ್ಯಾಂ... ಙ್ಯಾಂ... ಹಿಕ್!"

"ಆ ಹಿಕ್ ನಮ್ಮ ಶೇಖಿದೇ! ಇನ್ನೊಮ್ಮೆ ಅಳು, ಯಪ್ಪಾ."

ಗಂಟಲು ಒಣಗುವ ತನಕ ಅತ್ತೆ. ಕಾರಹುಣ್ಣಿಮೆಗೆ ಬಂಡಿ ಕಟ್ಟಿ ತಾಯಿ ಕೂಸು ಇಬ್ಬರನ್ನೂ ಕರೆತರುತ್ತೇನೆಂದು ಮಾತು ಕೊಟ್ಟೆ.

ಮರುವಾರ ಮುಲಾಮು ತರಲು ರಾಯಚೂರಿಗೆ ಹೋದೆ. ಅಲ್ಲಿ ಡಾಕ್ಟರ್ ಕುತುಬುದ್ದೀನ್ ಹೇಳಿದ್ದನ್ನು ಮನೆಗೆ ಬಂದು ಅವರದೇ ದನಿಯಲ್ಲಿ ಒಪ್ಪಿಸಿದೆ: "ದೇಖೋ ಬೇಟಾ, ಹುಣ್ಣಿನ ಕಾಲು ಬಾವ್ಯಾಗ ಇಳೀತದ, ಹುಳ ನೀರಾಗ ಮರಿ ಬಿಡ್ತದ. ಆ ನೀರು ಕುಡಿದವರಿಗೆ ವರ್ಷ ಬಿಟ್ಟು ಹುಣ್ಣು. ಬಟ್ಟಿಲೆ ಸೋಸಿ ಕುಡೀರಿ. ಸಮ್ಝೆ?"

ಅವ್ವ ನಗಲಿಲ್ಲ. ಉರಿ ತಾಳದೆ ದಿನಾ ಸಂಜೆ ಅವಳು ಆ ಕಾಲನ್ನು, ಮೆಟ್ಟಿಲಿಳಿದು ಕೊಡ ತುಂಬುವ ಊರ ಪಾವಟಿಗೆ ಬಾವಿಯ ನೀರಿನಲ್ಲೇ ಇಳಿಬಿಟ್ಟು ಕೂಡುತ್ತಿದ್ದಳು. ಹುಣ್ಣಾದವರೆಲ್ಲ ಮಾಡುತ್ತಿದ್ದುದೇ ಹಾಗೆ. ಊರು ಕುಡಿಯುತ್ತಿದ್ದುದೂ ಅದನ್ನೇ.

"ಬಂಡಿ ಕಟ್ಟಬ್ಯಾಡ," ಅಂದಳು.

"ಯಾಕಬೇ ಯವ್ವಾ? ಸೋಸಿ ಕೊಟ್ರಾತು."

"ಮನ್ಯಾಗ ನಾ ಸೋಸ್ತೀನಿ. ಆಕಿ ಬಾವಿ ಕಂಡ್ರ ಬಿಡ್ತಾಳೇನು? ಇಳಿದು ಬೊಗಸ್ಯಾಗ ಕುಡೀತಾಳ, ಸಣ್ಣಾಕಿದ್ದಾಗಿಂದ ಹಂಗ. ಕೂಸಿನ ಬಾಯಿಗೂ ಎರಡು ಹನಿ ಬಿಡ್ತಾಳ. ಬಾವಿ ಸುದ್ದಾಗ್ಲಿ, ಆಮ್ಯಾಲ ಬರ್ಲಿ."

ಮರುದಿನದಿಂದ ಅವ್ವ ಬಾವಿಯ ಮೇಲಿನ ಪಾವಟಿಗೆಯಲ್ಲಿ ಕೋಲು ಹಿಡಿದು ಕೂತಳು. ಕಾಲಿಗೆ ಬಟ್ಟೆ ಸುತ್ತಿಕೊಂಡು ಬಂದವರನ್ನು ತಡೆದು, ಹುಣ್ಣಿಲ್ಲದವರ ಕೈಯಲ್ಲಿ ಅವರ ಕೊಡ ತುಂಬಿಸಿ ಕೊಡಿಸಿದಳು.

"ಏನಬೇ ಬಂಡೆವ್ವ, ಬಾವಿಗೆ ನೀನೇ ಪೊಲೀಸ್ ಪಾಟೀಲ ಆದೇನು?" ನೆರೆಮನೆಯ ದುರುಗಮ್ಮ ಕೆಣಕಿದಳು.

"ಹೂಂ. ಮೊದಲ ನಿನ್ನ ಕಾಲು ತೋರ್ಸು."

ಸಂಜೆ ಉರಿ ಏರಿದಾಗ ನೀರನ್ನೇ ನೋಡುತ್ತ ಕೂತಿರುತ್ತಿದ್ದಳು. ನಾಲ್ಕೇ ಪಾವಟಿಗೆ ಕೆಳಗೆ ತಂಪು. ಇಳಿಯಲಿಲ್ಲ. ಆಮೇಲೆ ಅಕ್ಕನ ಊರಿನತ್ತ ಹೋಗುವ ಮಾನ್ವಿ ಕಡೆಯ ಹಾದಿಗೆ ಮುಖ ತಿರುಗಿಸುವಳು.

ಕಾರಹುಣ್ಣಿಮೆ ಬಂತು, ಹೋಯಿತು. ರಜೆ ಮುಗಿಯಿತು.

"ನೀ ಹೋದ್ರ ಕೂಸಿನ ದನಿ ಯಾರು ತಗೀತಾರೋ?"

ಹಿಕ್ ಸಮೇತ ಇನ್ನೊಮ್ಮೆ ಅತ್ತು ತೋರಿಸಿ ಬಂಡಿ ಹತ್ತಿದೆ.

ನಾನಿದ್ದ ಬಂಡಿ ಬಾವಿ ದಾಟಿತು. ಹಿಂದೆ, ಮೇಲಿನ ಪಾವಟಿಗೆಯಿಂದ, ಯಾರಿಗೂ ಕೇಳಬಾರದೆಂಬಂತೆ ಅವ್ವ ಒಡಕು ದನಿಯಲ್ಲಿ ತಾನೇ ಅತ್ತು ನೋಡುತ್ತಿದ್ದಳು: "ಙ್ಯಾಂ... ಙ್ಯಾಂ..."

ಹಿಕ್ ಮಾತ್ರ ಅವಳಿಗೆ ಬರುತ್ತಿರಲಿಲ್ಲ.