ಸ್ಟಿಗ್‌ನ ಮೇಲ್ದುಟಿ

ಸ್ಕ್ಯಾನ್ ಪರದೆಯ ಮೇಲೆ, ಪ್ರಯೋಗಕ್ಕೆ ಒಪ್ಪಿ ಬಂದಿದ್ದ ಸ್ಟಿಗ್‌ನ ಮಿದುಳಿನ ನಡುಭಾಗ ಕೆಂಪಗೆ ಬೆಳಗಿದಾಗ ಅನೆಲಿಗೆ ಖುಷಿಗೆ ಅಳುವೇ ಬಂದುಬಿಟ್ಟಿತು. ನಿಕೋಟಿನ್ ಹೋಗಿ ಅಂಟಿಕೊಳ್ಳುವ ಗ್ರಾಹಕಗಳು ಎಲ್ಲಿ ದಟ್ಟವಾಗಿವೆಯೋ ಅಲ್ಲೇ ಅವಳು ತಯಾರಿಸಿ ಅವನ ರಕ್ತಕ್ಕೆ ಚುಚ್ಚಿದ್ದ ವಿಕಿರಣ ಅಣು ಹೋಗಿ ಕೂತಿತ್ತು. ಇಲಿಗಳಲ್ಲಿ ಸರಿಹೋಗಿದ್ದು ಮನುಷ್ಯನಲ್ಲಿ ಕೈಕೊಡುವುದನ್ನು ಅವಳು ಎಷ್ಟು ಸಲ ಕಂಡಿರಲಿಲ್ಲ! ಇದೂ ಕೈಕೊಟ್ಟಿದ್ದರೆ ಬೇಸಿಗೆಯ ಹೊತ್ತಿಗೆ ಅವಳ ಕೆಲಸವೇ ಇರುತ್ತಿರಲಿಲ್ಲ. ಮರೆವಿನ ರೋಗದಲ್ಲಿ ಕಡಿಮೆಯಾಗುವುದು ಈ ಗ್ರಾಹಕಗಳೇ; ಇನ್ನು ಸೋಮವಾರದಿಂದ ಆ ರೋಗಿಗಳ ಸರದಿ.

ಮುಖ್ಯಸ್ಥೆ ಬಿರ್ಗಿಟ್ಟಾ ಅವಳ ಭುಜ ಅಮುಕಿ ಕಾಫಿ ಕೋಣೆಗೆ ಹೋದಳು. ಶುಕ್ರವಾರದ ಕಾಫಿಗೆಂದು ಹಸಿರು ಕೇಕು ತರಿಸಿದ್ದರು. ಅನೆಲಿಯೇ ಕತ್ತರಿಸಬೇಕೆಂದು ಎಲ್ಲರ ಹಟ.

ಅವಳು ಮೊದಲು ಸ್ಟಿಗ್‌ಗೆ ಥ್ಯಾಂಕ್ಸ್ ಹೇಳಲು ಹೋದಳು. ನಿವೃತ್ತ ಬಸ್ ಚಾಲಕ. ಅಲುಗಾಡದೆ ಮಲಗಿ ಕತ್ತು ಹಿಡಿದುಕೊಂಡಿದೆ ಎಂದು ಗೊಣಗುತ್ತ ಶೂ ಕಟ್ಟಿಕೊಳ್ಳುತ್ತಿದ್ದ. ಎದ್ದವನು ಕಸದ ಬುಟ್ಟಿಯ ಹತ್ತಿರ ಹೋಗಿ, ಮೇಲ್ದುಟಿಯೊಳಗೆ ಬೆರಳು ಹಾಕಿ, ನೆನೆದ ಪುಟ್ಟ ಚೀಲವೊಂದನ್ನು ತೆಗೆದು ಎಸೆದ. ಸ್ನೂಸ್. ತಂಬಾಕಿನ ಆ ಚೀಲ ಸ್ಟಾಕ್‌ಹೋಮಿನಲ್ಲಿ ಯಾರ ತುಟಿಯಲ್ಲಿಲ್ಲ? ಇಟ್ಟುಕೊಂಡವರಿಗೇ ನೆನಪಿರುವುದಿಲ್ಲ.

"ಯಾವಾಗ ಇಟ್ಕೊಂಡಿದ್ದು?" ಅನೆಲಿ ಬುಟ್ಟಿಯೊಳಗೆ ಬಗ್ಗಿ ನೋಡಿದಳು.

ಸ್ಟಿಗ್ ಕಿವಿಯವರೆಗೂ ಕೆಂಪಾದ. "ನೀವು ಹೇಳಿದ್ಹಾಗೆ ನಿನ್ನೆಯಿಂದ ಮುಟ್ಟಿರ್ಲಿಲ್ಲ, ದೇವರಾಣೆ. ಆ ಯಂತ್ರದ ಸುರಂಗ ನೋಡಿ ಜೀವ ಹಾರಿಹೋಯ್ತು. ಒಳಗೆ ಹೋಗೋ ಮುಂಚೆ ಒಂದೇ ಒಂದು..." ಅವಳ ಮುಖ ನೋಡಿ ದನಿ ತಗ್ಗಿಸಿದ. "ಚಿತ್ರ ಚೆನ್ನಾಗೇ ಬಂತಂತಲ್ಲ? ತೊಂದ್ರೆ ಏನಿಲ್ವಲ್ಲ?"

ಚೆನ್ನಾಗಿ ಬಂದದ್ದೇ ತೊಂದರೆ. ತುಟಿಯಿಂದ ಇಳಿದ ನಿಕೋಟಿನ್ ಆ ಗ್ರಾಹಕಗಳನ್ನೆಲ್ಲ ಮೊದಲೇ ಹಿಡಿದಿರುವಾಗ ಅವಳ ಅಣುವಿಗೆ ಕೂರಲು ಜಾಗವೇ ಇರಬಾರದಿತ್ತು, ಪರದೆ ಮಂಕಾಗಿರಬೇಕಿತ್ತು. ಅಷ್ಟೊಂದು ಬೆಳಗಿದೆಯೆಂದರೆ ಅದು ಅಂಟಿಕೊಂಡಿರುವುದು ಬೇರೆ ಯಾವುದಕ್ಕೋ. ಇಷ್ಟು ವರ್ಷದ ದುಡಿಮೆಯೆಲ್ಲ ಮಣ್ಣುಪಾಲು.

ಏನಿಲ್ಲ, ಮನೆಗೆ ಹೋಗಿ ಎಂದು ಅವನನ್ನು ಕಳಿಸಿಕೊಟ್ಟಳು. ಹಾಳಾದವನು ಹೊರಗೆ ಹೋಗಿ ಎಸೆಯಬಾರದಿತ್ತೇ! ತಾನು ನೋಡದಿದ್ದರೆ ಎಷ್ಟು ಚೆನ್ನಾಗಿತ್ತು. ಬೇರೆ ಯಾರೂ ನೋಡಿಲ್ಲ. ಸ್ಟಿಗ್ ಬಾಯಿ ಬಿಡುವವನಲ್ಲ. ಆದರೆ ಸೋಮವಾರ ಬರುವ ಮೊದಲ ರೋಗಿ, ಮಗಳ ಹೆಸರೇ ಮರೆತ ಆ ಮೇಷ್ಟ್ರು, ಇದೇ ಸುಳ್ಳು ಬೆಳಕಿಗಾಗಿ ತೋಳು ಚಾಚುತ್ತಾರೆ. ಅನೆಲಿ ಬುಟ್ಟಿಯ ಮುಂದೆ ಬಹಳ ಹೊತ್ತು ನಿಂತೇ ಇದ್ದಳು.

"ಬಾರೇ, ಕಾಫಿ ಆರಿಹೋಗ್ತಿದೆ," ಎಂದು ಬಿರ್ಗಿಟ್ಟಾ ಕೂಗಿದಳು.

ಒಳಗೆ ಕಾಲಿಡುತ್ತಲೇ ಚಪ್ಪಾಳೆ. ಯಾರೋ ಕೈಗೆ ಚಾಕು ಕೊಟ್ಟರು. ಅನೆಲಿ ಅದನ್ನು ಮೇಜಿನ ಮೇಲಿಟ್ಟಳು.

"ಸ್ಟಿಗ್ ಬಾಯಲ್ಲಿ ಸ್ನೂಸ್ ಇತ್ತು."

"ಸ್ಕ್ಯಾನ್ ಮಾಡೋವಾಗ್ಲೂನಾ?" ಎಂದಳು ಬಿರ್ಗಿಟ್ಟಾ.

"ಹೂಂ. ಪೂರ್ತಿ."

ಬಿರ್ಗಿಟ್ಟಾ ಕೇಕಿನ ಪೆಟ್ಟಿಗೆಯನ್ನು ಹತ್ತಿರಕ್ಕೆಳೆದು, ಹಸಿರು ಕೆನೆಗೆ ತಾಗದ ಹಾಗೆ, ಮೆಲ್ಲಗೆ ಮುಚ್ಚಳ ಹಾಕಿದಳು.