ಹೆಬ್ಬೆರಳಿನ ಅಳತೆ

ಹೆಬ್ಬೆರಳಿನ ಉಗುರಿನ ಸಂದಿಯ ಕೆಸರು ಮೂರನೆಯ ಸಲ ತಿಕ್ಕಿದರೂ ಹೋಗಲಿಲ್ಲ. ನೆರೆಮನೆಯ ದುರ್ಗಿ ತೆಂಗಿನ ನಾರನ್ನು ಬಿಸಿನೀರಿನಲ್ಲಿ ಅದ್ದಿ ಮತ್ತೆ ಉಜ್ಜತೊಡಗಿದಳು.

"ಬಿಡು ಚಿಕ್ಕಿ, ಅದು ಹೋಗುದಲ್ಲ," ಎಂದಳು ಸತ್ತವಳ ಮಗಳು ಮಂಜಿ. "ನಲವತ್ತು ವರ್ಷ ಹೊಳೆ ಕೆಸರಲ್ಲಿ ಬಳಚಿನ ಚಿಪ್ಪು ಹೆಕ್ಕಿದ ಕೈ ಅದು."

"ಇರ್ಲಿ ಬಿಡು ಹಂಗಾರೆ. ಗಣಪಿ ಬಂತು ಅಂತ ಮೇಲಿನವ್ರಿಗೆ ಗುರ್ತು ಸಿಗ್ಲಿ. ಬಾಯಿ ತೆಗ್ದ ಕೂಡ್ಲೆ ಹೆಂಗೂ ಸಿಕ್ತದೆ."

ಸುತ್ತಲಿದ್ದ ಹೆಂಗಸರಲ್ಲಿ ಇಬ್ಬರು ನಕ್ಕರು. ನಕ್ಕದ್ದಕ್ಕೆ ನಾಚಿ, ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ಅತ್ತರು.

ಮಹಾಲಕ್ಷ್ಮೀ ಸ್ನಾನಕ್ಕೆ ಕಟ್ಟಿದ ತಟ್ಟಿಯ ಮರೆಯ ಅಂಚಿನಲ್ಲಿ ಕೈಚೀಲವನ್ನು ಎದೆಗವಚಿಕೊಂಡು ನಿಂತಿದ್ದಳು. ಅವಳು ಕುಮಟೆಯ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದಳು. ಬೆಳಿಗ್ಗೆ ಮೀನಿನ ಟೆಂಪೋದವನು ಸುದ್ದಿ ಹೇಳಿದ ಮೇಲೆ ಮೊದಲ ಬಸ್ಸಿಗೆ ತದಡಿಗೆ ಬಂದಿದ್ದಳು. ತಾನೂ ಒಂದು ತಂಬಿಗೆ ನೀರು ಎರೆಯಬಹುದೇ ಎಂದು ಕೇಳಲೇ, ಬೇಡವೇ ಎಂದು ಯೋಚಿಸುವಷ್ಟರಲ್ಲಿ ಸ್ನಾನ ಮುಗಿದಿತ್ತು.

ಹೆಣವನ್ನು ಜಗಲಿಯ ಮೇಲೆ ಚಾಪೆಯಲ್ಲಿ ಮಲಗಿಸಿದರು. ಸುಡುವ ಜಾಗ ಹೊಳೆಯ ಆಚೆ ದಂಡೆಯಲ್ಲಿತ್ತು. ಈಗ ಇಳಿತ, ದೋಣಿ ಕೆಸರಿನಲ್ಲಿ ಕೂತಿತ್ತು. ಅಂಗಳದ ತುದಿಯಿಂದ ಹೊಳೆಯತ್ತ ಹಣುಕಿ ಬಂದ ಮುದುಕ ಮಾಬ್ಲ ಹೇಳಿದ: "ಎರಡೂವರೆ ಅಂದ್ರೆ ದೋಣಿ ಏಳ್ತದೆ. ಅಲ್ಲಿ ತನಕ ಕೂತ್ಕೊಳಿ. ಅವಸರ ಮಾಡಿದ್ರೆ ನೀರು ಏರ್ತದಾ?"

ಮಂಜಿ ಒಳಗೆ ಹೋಗಿ ಗೋಡೆಯ ಮೇಲಿದ್ದ ಚೌಕಟ್ಟನ್ನು ಇಳಿಸಿಕೊಂಡು ಬಂದಳು. ಸೆರಗಿನಿಂದ ಗಾಜು ಒರೆಸಿ, ಅವ್ವಿಯ ತಲೆಯ ಹತ್ತಿರ ದೀಪದ ಪಕ್ಕ ಒರಗಿಸಿದಳು.

ಅದು ಇಂಗ್ಲಿಷ್ ಪತ್ರಿಕೆಯ ತುಂಡು. ಮನೆಯಲ್ಲಿ ಗಣಪಿಯ ಚಿತ್ರ ಎಂದು ಇದ್ದದ್ದು ಅದೊಂದೇ. ಚೌಕಟ್ಟು ಸಣ್ಣದಾದ್ದರಿಂದ ಕಾಗದದ ಬಲಬದಿಯನ್ನು ಹಿಂದಕ್ಕೆ ಮಡಚಿದ್ದರು. ಹಾಗಾಗಿ ಗಣಪಿಯ ಚಾಚಿದ ಕೈ ಮಣಿಕಟ್ಟಿನ ತನಕ ಮಾತ್ರ ಕಾಣುತ್ತಿತ್ತು. ಕೆಳಗೆ ಎರಡು ಅಂಕಣ ಅಕ್ಷರ. ಈ ಮನೆಗೆ ಬಂದಾಗಲೆಲ್ಲ ಮಹಾಲಕ್ಷ್ಮೀ ಆ ಗೋಡೆಗೆ ಬೆನ್ನು ಹಾಕಿ ಕೂರುತ್ತಿದ್ದಳು. ಇಂದು ಹಾಗೆ ಕೂರಲು ಜಾಗವಿರಲಿಲ್ಲ.

*

ನಾಲ್ಕು ವರ್ಷದ ಹಿಂದೆ, ಎಂಬತ್ನಾಲ್ಕನೆಯ ಇಸವಿಯಲ್ಲಿ, ಬೆಂಗಳೂರಿನ ಒಂದು ಪರಿಸರ ಬಳಗ ತಿಂಗಳಿಗೊಂದು ಉಪನ್ಯಾಸ ಏರ್ಪಡಿಸುತ್ತಿತ್ತು. ನದಿಯ ಮೇಲೆ ಮಾತಾಡುವವರು ತುಂಬ ಜನ ಸಿಕ್ಕಿದ್ದಾರೆ, ನದಿಯಲ್ಲಿ ಇಳಿದು ಬದುಕುವವರು ಒಬ್ಬರು ಬೇಕು ಎಂದು ಅವರು ಮಹಾಲಕ್ಷ್ಮೀಗೆ ಬರೆದಿದ್ದರು. ಅವಳಿಗೆ ನೆನಪಾದದ್ದು ವಾರಕ್ಕೆರಡು ಸಲ ಬಾಗಿಲಿಗೆ ಬಳಚು ತರುತ್ತಿದ್ದ ಗಣಪಿ.

"ಬೆಂಗ್ಳೂರಿಗಾ? ಅಲ್ಲಿ ಎಂತ ಹೇಳೂದು ಅಕ್ಕೋರೇ ನಾನು?"

"ನನ್ನ ಹತ್ತಿರ ಹೇಳುತ್ತೀಯಲ್ಲ, ಅದನ್ನೇ. ಸಣ್ಣದನ್ನು ನೀರಿಗೆ ಬಿಡುವುದು, ಹೆಬ್ಬೆರಳಿನ ಅಳತೆ."

ಸಭಾಂಗಣ ತುಂಬಿತ್ತು. ಹಲವರಿಗೆ ಕನ್ನಡ ಬಾರದು. ಬರುವವರಿಗೂ ಗಣಪಿಯ ಮಾತಿನ ಓಟ ಹಿಡಿಯುವಂತಿರಲಿಲ್ಲ. ಅವಳು ಒಂದು ಮಾತು ಹೇಳುವುದು, ಮಹಾಲಕ್ಷ್ಮೀ ಅದನ್ನು ಇಂಗ್ಲಿಷಿನಲ್ಲಿ ಹೇಳುವುದು ಎಂದು ಗೊತ್ತಾಗಿತ್ತು. ಮೊದಲು ಎಲ್ಲ ಸರಿಯಾಗಿಯೇ ನಡೆಯಿತು. ಗಣಪಿ ಕೈ ಚಾಚಿ ಹೆಬ್ಬೆರಳು ತೋರಿಸಿದಳು. ಈ ಉಗುರಿಗಿಂತ ಸಣ್ಣ ಚಿಪ್ಪು ಸಿಕ್ಕಿದರೆ ಕಾಲಿನಿಂದ ಕೆಸರಿಗೆ ಒತ್ತಿಬಿಡಬೇಕು ಎಂದು ತನ್ನ ಅವ್ವಿ ಕಲಿಸಿದ್ದಳು ಎಂದಳು. ಮುಂದಿನ ಸಾಲಿನ ಪತ್ರಕರ್ತ ಬರೆದುಕೊಂಡ.

ಆಮೇಲೆ ಗಣಪಿ ಕೈ ಇಳಿಸದೆ ನಿಂತಳು.

"ಆದ್ರೆ ಲಾರಿ ಬಂತು. ಗೋಣಿ ಲೆಕ್ಕದಲ್ಲಿ ತಗೊಳ್ಳುವವ್ರು, ಸಣ್ಣದಾ ದೊಡ್ಡದಾ ಅಂತ ಕೇಳೂದಿಲ್ಲ. ಎಲ್ಲರೂ ತುಂಬಿದ್ರು. ನಾನೂ ಸಣ್ಣದು ತುಂಬ್ದೆ. ಈ ಬೆರಳಿಗೆ ಅಳತೆ ಗೊತ್ತಿತ್ತು. ಗೊತ್ತಿದ್ದೂ ತುಂಬ್ದೆ. ಎರಡು ವರ್ಷಕ್ಕೆ ನಮ್ಮ ದಂಡೆ ಬರಿದಾತು. ಅದು ಮಾಡಿದ್ದು ಲಾರಿಯಲ್ಲ. ನಾನು."

ಮಹಾಲಕ್ಷ್ಮೀ ಬಾಯಿ ತೆರೆದಳು. ಮುಂದಿನ ಸಾಲಿನ ಮುಖಗಳು ಅವಳತ್ತ ತಿರುಗಿದ್ದವು. ಇದನ್ನು ಹೇಳಿದರೆ ಹೊಳೆ ಹಾಳು ಮಾಡಿದವರು ಇವರೇ ಎಂದು ನಾಳೆ ಯಾರಾದರೂ ಬರೆದಾರು, ಲಾರಿಯವರು ತಪ್ಪಿಸಿಕೊಂಡಾರು ಎಂದು ಅವಳಿಗೆ ಅನ್ನಿಸಿತು. ಹಾಗೆ ಅನ್ನಿಸಿತು ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಳು. ಆ ಕ್ಷಣದಲ್ಲಿ ನಿಜವಾಗಿ ಇದ್ದದ್ದು ಬೇರೆ: ಸಂಜೆ ಚೆನ್ನಾಗಿ ಸಾಗಿತ್ತು, ಗಣಪಿಯನ್ನು ಕರೆತಂದವಳು ತಾನು, ಅದು ಕೆಡಬಾರದು.

ಅವಳು ಒಳ್ಳೆಯ ಇಂಗ್ಲಿಷಿನಲ್ಲಿ ಮೂರು ವಾಕ್ಯ ಹೇಳಿದಳು.

ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮೂರನೆಯ ಸಾಲಿನಲ್ಲಿ ಒಬ್ಬರು ಮಾತ್ರ ತಟ್ಟದೆ ಕನ್ನಡಕ ಒರೆಸುತ್ತಿದ್ದರು. ಅವರು ಕರಾವಳಿಯವರಿರಬಹುದೇ, ಗಣಪಿಯ ಮಾತು ಅವರಿಗೆ ತಿಳಿದಿರಬಹುದೇ ಎಂಬ ಭಯದಲ್ಲಿ, ಚಹಾಕ್ಕೆ ಎಲ್ಲರೂ ಸೇರಿದಾಗ ಮಹಾಲಕ್ಷ್ಮೀ ಅವರಿದ್ದ ಮೂಲೆಗೆ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಬಸ್ ನಿಲ್ದಾಣದಲ್ಲಿ ಗಣಪಿ ಚಹಾದ ಲೋಟ ಹಿಡಿದು ಕೇಳಿದಳು: "ಅಕ್ಕೋರೇ, ನಾ ನನ್ನ ತಪ್ಪು ಹೇಳ್ದೆ. ಅವ್ರು ಎಂತಕ್ಕೆ ಚಪ್ಪಾಳೆ ಹೊಡದ್ರು?"

"ನೀನು ನಿಜ ಹೇಳಿದ್ದಕ್ಕೆ."

ಗಣಪಿ ಲೋಟವನ್ನು ಬೆಂಚಿನ ಮೇಲಿಟ್ಟಳು. "ಹಂಗಾರೆ ದೊಡ್ಡ ಮನಸಿನ ಊರು ಅದು," ಎಂದಳು. "ನಮ್ಮೂರಲ್ಲಾಗಿದ್ರೆ ಉಗೀತಿದ್ರು."

*

"ಉಗಿದ್ರು, ಉಗೀದೆ ಏನು!" ದುರ್ಗಿ ಜಗಲಿಯ ಕಂಬಕ್ಕೊರಗಿ ಹೇಳುತ್ತಿದ್ದಳು. "ಗಣಪಿ ಬೆಂಗ್ಳೂರಿಂದ ಬಂದದ್ದೇ ಹೋಗಿ ಲಾರಿ ಎದ್ರಿಗೆ ನಿಂತ್ತು. 'ನಾನು ಸಣ್ಣದು ತುಂಬಿದವಳು, ನಾನು ಹಾಳು ಮಾಡಿದವಳು, ಈಗ ನೀವು ಹೇಳಿ' ಅಂತ ಒಬ್ಬೊಬ್ರ ಗೋಣಿಗೆ ಕೈ ಹಾಕ್ತು. ನಾ ನಾಕು ಮಾತು ಬೈದೆ. ಆಗ ಹೇಳ್ತದೆ, 'ಅಷ್ಟು ದೊಡ್ಡ ಊರಿನವ್ರು ನಾ ನಿಜ ಹೇಳಿದ್ದಕ್ಕೆ ಎದ್ದು ನಿಂತು ಚಪ್ಪಾಳೆ ಹೊಡದ್ರು. ನಿಂಗೆ ಕೂತು ಕೇಳೂಕೆ ಎಂತ ಆಗ್ತದೆ?' ಅಂತ."

"ನೀ ಎಂತ ಹೇಳ್ದೆ?" ಎಂದ ಮಾಬ್ಲ.

"ಎಂತ ಹೇಳೂದು? ಗೋಣಿ ಕೊಡವಿದೆ. ಅರ್ಧ ಗೋಣಿ ನೀರಿಗೆ ಹೋತು. ಅದರ ಬಾಯಿಗೆ ಹೆದ್ರಿ ಮತ್ತೆ ನಾಕು ಜನ ಕೊಡವಿದ್ರು. ಈಗ ನೋಡು, ಆ ಬದಿಗೆ ಕಾಲಿಟ್ರೆ ಬಳಚು ಚುಚ್ತದೆ."

ಮಹಾಲಕ್ಷ್ಮೀ ತಲೆ ತಗ್ಗಿಸಿ ಕೇಳುತ್ತಿದ್ದಳು. ಆ ಸಂಜೆಯ ನಂತರ ಅವಳನ್ನು ಬೆಂಗಳೂರಿಗೆ ನಾಲ್ಕು ಸಲ ಕರೆದಿದ್ದರು. ನಾಲ್ಕೂ ಸಲ ಅವಳು ಗಣಪಿಯ ಹೆಬ್ಬೆರಳಿನ ಮಾತು ಹೇಳಿದ್ದಳು, ಸಣ್ಣ ಚಿಪ್ಪನ್ನು ಎಂದೂ ಮುಟ್ಟದ ಗಣಪಿಯ ಮಾತು. ಐದನೆಯ ಕರೆಯ ಕಾಗದ ಈಗ ಕೈಚೀಲದಲ್ಲಿತ್ತು.

"ಹೌದಾ, ಈ ಪೇಪರಲ್ಲಿ ಎಂತ ಬರ್ದದ್ದು?" ಮಾಬ್ಲ ಚೌಕಟ್ಟಿನತ್ತ ಗಲ್ಲ ಎತ್ತಿ ತೋರಿಸಿದ. "ನಾಕು ವರ್ಷ ಆತು, ಒಬ್ರೂ ಓದಿ ಹೇಳ್ಲಿಲ್ಲ. ಪಾಂಡು, ನಿಂಗೆ ಬತ್ತದಲ್ಲ? ಓದು. ನೀರು ಏರೂ ತನಕ ಹೊತ್ತು ಹೋಗ್ತದೆ."

ಪಾಂಡು ಗಣಪಿಯ ಅಣ್ಣನ ಮಗ. ಮುಂಬಯಿಯಲ್ಲಿ ಯಾವುದೋ ಕಚೇರಿಯ ಜವಾನ, ರಾತ್ರಿ ಶಾಲೆಯಲ್ಲಿ ಮ್ಯಾಟ್ರಿಕ್ ಮುಗಿಸಿದವನು. ಐದು ವರ್ಷದ ನಂತರ, ಅತ್ತೆಗೆ ಕಾಯಿಲೆ ಜೋರಾಗಿದೆ ಎಂದು ತಿಳಿದು ಮೊನ್ನೆಯಷ್ಟೇ ಬಂದಿದ್ದ. ಅವನು ಚೌಕಟ್ಟನ್ನು ಬೆಳಕಿಗೆ ಹಿಡಿದು, ಗಾಜಿನ ಮೇಲೆ ಬೆರಳಿಟ್ಟು ತುಟಿಯಲ್ಲೇ ಓದಿಕೊಂಡ. ಮಹಾಲಕ್ಷ್ಮೀ ಆ ಬೆರಳನ್ನೇ ನೋಡುತ್ತಿದ್ದಳು. ಅದು ಎರಡನೆಯ ಅಂಕಣಕ್ಕೆ ಬಂದು ನಿಂತಿತು.

"ಅತ್ತೆ ಹೇಳಿದ್ದು ಹಾಕಿದಾರೆ. 'ನಾವು ಸಣ್ಣ ಚಿಪ್ಪನ್ನ ಯಾವತ್ತೂ ಮುಟ್ಟುದಿಲ್ಲ. ಹೊಳೆ ನಮ್ಮ ತಾಯಿ. ತಾಯಿ ಮಡಿಲಿಂದ ಹಸುಗೂಸನ್ನ ಯಾರಾದ್ರೂ ಕೀಳ್ತಾರಾ?'"

ದುರ್ಗಿ ಕಂಬ ಬಿಟ್ಟು ನೆಟ್ಟಗಾಗಿ, "ಹೊಳೆ ತಾಯಿಯಂತೆ!" ಎಂದಳು. "ಗಣಪಿ ಹೊಳೆಗೆ ಬೈದಷ್ಟು ಗಂಡಂಗೂ ಬೈಲಿಲ್ಲ."

"ಸರಿ ಓದು ಮಾರಾಯಾ," ಎಂದಳು ಮಂಜಿ. ಅವಳು ನಗುತ್ತಿರಲಿಲ್ಲ. "ಅವ್ವಿ ಹಂಗೆ ಹೇಳ್ಲೇ ಇಲ್ಲ. ತಾನೂ ತುಂಬ್ದೆ ಅಂತ ಹೇಳ್ತು. ಅದಕ್ಕೇ ಚಪ್ಪಾಳೆ ಬಿದ್ದದ್ದು."

"ಇಲ್ಲಿ ಹೀಗೇ ಅದೆ, ಮಂಜೀ."

"ರಾತ್ರಿ ಶಾಲೆ ಇಂಗ್ಲಿಷು," ಎಂದ ಮಾಬ್ಲ. "ಕತ್ತಲೆಯಲ್ಲಿ ಕಲ್ತದ್ದು ಹಗಲಿಗೆ ಕಾಣುದಿಲ್ಲ."

ಎಲ್ಲರೂ ನಕ್ಕರು. ಮಂಜಿ ಪಾಂಡುವಿನ ಕೈಯಿಂದ ಚೌಕಟ್ಟು ತೆಗೆದುಕೊಂಡು ನೇರ ಮಹಾಲಕ್ಷ್ಮೀಯ ಮುಂದೆ ಹಿಡಿದಳು. "ಅಲ್ಲಿ ಅವ್ವಿ ಸಂಗಡ ಇದ್ದ ಅಕ್ಕೋರು ಇಲ್ಲೇ ಕೂತಿದಾರಲ್ಲ. ನೀವು ಓದಿ. ಅವ್ವಿಗೂ ಕೇಳ್ಲಿ."

ಚೌಕಟ್ಟು ಭಾರವಿರಲಿಲ್ಲ. ಆದರೂ ಅವಳು ಅದನ್ನು ಮಡಿಲಲ್ಲಿಟ್ಟುಕೊಂಡಳು. ತಾನು ಕಟ್ಟಿದ ಮೂರು ವಾಕ್ಯ ಗಾಜಿನ ಕೆಳಗೆ ಹಳದಿಯಾಗಿ ಬಿದ್ದಿದ್ದವು. ಪಾಂಡು ಒಂದು ಅಕ್ಷರವನ್ನೂ ತಪ್ಪು ಓದಿರಲಿಲ್ಲ. ಅದನ್ನು ಹೇಳಲು ಎರಡು ಮಾತು ಸಾಕಿತ್ತು. ಎದುರಿಗೆ ಮಂಜಿ ಅವ್ವಿಯ ಪಾದದ ಮೇಲೆ ಕೈಯಿಟ್ಟು ಕಾಯುತ್ತಿದ್ದಳು. ದೊಡ್ಡ ಊರು ಎದ್ದು ನಿಂತದ್ದು ತನ್ನ ಅವ್ವಿಯ ನಿಜಕ್ಕೆ ಎಂದು ನಂಬಿದ ಮುಖ ಅದು.

ಮಹಾಲಕ್ಷ್ಮೀ ಅಕ್ಷರಗಳ ಮೇಲೆ ಕಣ್ಣಿಟ್ಟು ಓದಿದಳು.

"'ನಾನೂ ಸಣ್ಣದು ತುಂಬಿದೆ. ಈ ಬೆರಳಿಗೆ ಅಳತೆ ಗೊತ್ತಿತ್ತು. ಗೊತ್ತಿದ್ದೂ ತುಂಬಿದೆ. ನಮ್ಮ ದಂಡೆ ಬರಿದು ಮಾಡಿದ್ದು ಲಾರಿಯಲ್ಲ. ನಾನು.'"

"ಹಾಂ," ಎಂದಳು ಮಂಜಿ. "ಅದೇ." ಆಗ ಅವಳಿಗೆ ಬೆಳಗಿನಿಂದ ಬಾರದಿದ್ದ ಅಳು ಬಂತು.

ನಾಲ್ಕು ವರ್ಷ ತಡವಾಗಿ, ತನ್ನದೊಂದು ಮಾತೂ ಸೇರಿಸದೆ, ಮಹಾಲಕ್ಷ್ಮೀ ಗಣಪಿ ಹೇಳಿದ್ದನ್ನು ಹೇಳಿದ್ದಳು. ಕೈಯಲ್ಲಿದ್ದ ಕಾಗದದಲ್ಲಿ ಮಾತ್ರ ಅದು ಇರಲಿಲ್ಲ.

"ಕೇಳ್ದೆಯಾ ಮುಂಬಯಿ ಸಾಹೇಬ?" ಎಂದಳು ದುರ್ಗಿ. ಪಾಂಡು ಎದ್ದು, ಅಂಗಳದಲ್ಲಿ ಚಟ್ಟಕ್ಕೆ ಬಿದಿರು ಸೀಳುತ್ತಿದ್ದವರ ಕಡೆ ಹೋದ. ಅವನ ಕಿವಿಗಳು ಕೆಂಪಾಗಿದ್ದವು.

*

ನೀರು ಏರಿತು. ಗಂಡಸರು ಚಟ್ಟ ಕಟ್ಟಿ ಮುಗಿಸಿ, ಹೆಣವನ್ನು ಎತ್ತಿ ಅದರ ಮೇಲೆ ಮಲಗಿಸಿದರು. ಹೆಂಗಸರೆಲ್ಲ ಅತ್ತ ಸೇರಿದಾಗ ಪಾಂಡು ಜಗಲಿಗೆ ಬಂದ. ಚೌಕಟ್ಟು ಇನ್ನೂ ಮಹಾಲಕ್ಷ್ಮೀಯ ಮಡಿಲಲ್ಲೇ ಇತ್ತು.

"ಅಕ್ಕೋರೇ, ನಾ ಓದಿದ್ದು ಸರಿ ಇತ್ತಲ್ಲ?"

ಅವನ ದನಿಯಲ್ಲಿ ಜಗಳವಿರಲಿಲ್ಲ. ಪರೀಕ್ಷೆ ಬರೆದು ಬಂದವನು ಕೇಳುವ ಹಾಗಿತ್ತು.

"ಸರಿ ಇತ್ತು."

"ನೀವು ಓದಿದ್ದು ಅದ್ರಲ್ಲಿ ಇಲ್ಲ."

"ಇಲ್ಲ. ಆದರೆ ಅವಳು ಹೇಳಿದ್ದು ಅದೇ."

ಅವನು ಬಗ್ಗಿ ಗಾಜಿನ ಮೇಲೆ ಬೆರಳಿಟ್ಟ. "ಹಂಗಾರೆ ಪೇಪರಲ್ಲಿ ಇದ್ದದ್ದು ಯಾರ ಮಾತು?"

"ನಂದು," ಎಂದಳು ಮಹಾಲಕ್ಷ್ಮೀ. "ಚಪ್ಪಾಳೆ ಬಿದ್ದದ್ದೂ ಅದಕ್ಕೇ." ಮತ್ತೂ ಏನೋ ಹೇಳಬೇಕೆಂದು, "ಮಂಜಿಗೆ ನಾನು..." ಎಂದಳು.

ಪಾಂಡು ಅಂಗಳದತ್ತ ನೋಡಿದ. ಮಂಜಿ ಅವ್ವಿಯ ಕೂದಲಿಗೆ ಅಬ್ಬಲಿಗೆ ಹೂ ಸಿಕ್ಕಿಸುತ್ತಿದ್ದಳು.

"ಬೇಡ," ಎಂದ. "ನಾ ತಪ್ಪು ಓದ್ದೆ ಅಂತಲೇ ಇರ್ಲಿ. ನಾ ನಾಳಿದ್ದು ಹೊರಡುವವ."

ಅವಳು ಅದು ಸರಿಯಲ್ಲ ಎನ್ನಬೇಕಿತ್ತು. ಎನ್ನಲಿಲ್ಲ. ಎದೆಯೊಳಗೆ ಏನೋ ಹಗುರಾದದ್ದು ಅವಳಿಗೇ ತಿಳಿಯಿತು. ಅದು ತಿಳಿದ ಮೇಲೆ ಅವನ ಮುಖ ನೋಡಲಾಗಲಿಲ್ಲ.

ಪಾಂಡು ಚೌಕಟ್ಟನ್ನು ತೆಗೆದುಕೊಂಡು ಹಿಂದಿನ ಮೊಳೆ ಬಗ್ಗಿಸಿ ರಟ್ಟು ಬಿಚ್ಚಿದ. ಮಡಚಿದ್ದ ಕಾಗದವನ್ನು ಅಗಲಿಸದೆ, ಮಡಿಕೆಯ ಗುಂಟ ಮೇಲಿನಿಂದ ಚಿತ್ರದ ಬುಡದ ತನಕ ಹರಿದ. ಚಿತ್ರದ ಕೆಳಗೆ ಅಡ್ಡಕ್ಕೆ ಇನ್ನೊಮ್ಮೆ ಹರಿದ. ಗಣಪಿಯನ್ನು ಮತ್ತೆ ಗಾಜಿಗೆ ಸೇರಿಸಿ ರಟ್ಟು ಮುಚ್ಚಿ, ಮೊಳೆಗಳನ್ನು ಹೆಬ್ಬೆರಳಿನಿಂದ ಒತ್ತಿದ.

"ಅತ್ತೆ ಫೋಟೋ ನಮ್ಗೆ ಬೇಕು. ಬೇರೆ ಇಲ್ಲ," ಎಂದ. "ಮಾತು ನಿಮ್ದು. ತಗೊಂಡು ಹೋಗಿ."

ಅಂಗಳದಿಂದ ಮಾಬ್ಲ ಕೂಗಿದ: "ಪಾಂಡೂ, ಹೆಗಲು ಕೊಡು ಬಾರಾ! ಓದೂಕೆ ಬರ್ದಿದ್ರೆ ಹೊರೂಕಾದ್ರೂ ಬತ್ತದೋ ಇಲ್ಲೋ?"

"ಬಂದೆ," ಎಂದ ಪಾಂಡು.

ಹೆಂಗಸರು ದಂಡೆಯ ತನಕ ಹೋಗಿ ನಿಂತರು. ದೋಣಿ ಅಲುಗಿ, ಕೆಸರು ಬಿಟ್ಟು ಎದ್ದು, ಆಚೆ ದಂಡೆಯ ಕಡೆ ತಿರುಗಿತು. ಮಹಾಲಕ್ಷ್ಮೀ ಎಲ್ಲರಿಗಿಂತ ಹಿಂದೆ ನಿಂತು, ಮುಷ್ಟಿಯಲ್ಲಿದ್ದ ಕಾಗದವನ್ನು ಬಿಡಿಸಿದಳು. ಅಕ್ಷರಗಳ ಮೇಲ್ಭಾಗದಲ್ಲಿ, ಇಷ್ಟು ವರ್ಷ ಹಿಂದಕ್ಕೆ ಮಡಚಿದ್ದ ಬದಿಯಲ್ಲಿ, ಮೈಕಿನ ಮುಂದೆ ಅವಳೇ ನಿಂತಿದ್ದಳು, ಬಾಯಿ ಅಗಲವಾಗಿ ತೆರೆದಿತ್ತು. ಹರಿದ ಅಂಚಿನಿಂದ ಅವಳ ಮುಖದತ್ತ ಚಾಚಿಕೊಂಡು, ಮಣಿಕಟ್ಟಿನಿಂದ ಈಚೆಗೆ ಒಂದು ಕೈ ಉಳಿದಿತ್ತು. ಅದರ ಹೆಬ್ಬೆರಳು ನೆಟ್ಟಗೆ ನಿಂತಿತ್ತು. ಉಗುರಿನ ಸಂದಿಯ ಕಪ್ಪು, ಅಚ್ಚಿನ ಮಸಿಯಲ್ಲೂ ಕಾಣುತ್ತಿತ್ತು.