ಹಸಿ ಎರೆಯಲ್ಲಿ ಹೂಡಿದ ಗಾಡಿ

ಬಳೆಗಾರ ಅಬ್ದುಲ್ ಕರೀಮ್ ತಂದ ಸುದ್ದಿ ಇಷ್ಟೇ. ಅವನು ಆಡಕಿಗೆ ಹೋದಾಗ ನೀಲಾಬಾಯಿ ಗಂಡನ ಮನೆಯಲ್ಲಿರಲಿಲ್ಲ. ಊರ ಹೊರಗಿನ ಹೊಲದ ಗುಡಿಸಲಿನಲ್ಲಿದ್ದಳು, ಅಲ್ಲೇ ಬೇರೆ ಒಲೆ ಹೂಡಿದ್ದಳು. ಬಳೆ ಇಡಿಸಿಕೊಳ್ಳವ್ವಾ ಎಂದು ಹತ್ತಿರ ಹೋದರೆ ದೂರದಿಂದಲೇ ಕೈಬೀಸಿ, ಬರಬೇಡ ಎಂದಳು.

"ಯಾಕ ಅಂತ ನಾ ಕೇಳಲಿಲ್ಲ ಸೂಗಪ್ಪಣ್ಣ. ಮಂದಿ ಮನಿ ಮಾತು," ಎಂದು ಕರೀಮ್ ಬಳೆ ಗಂಟು ಹೆಗಲಿಗೇರಿಸಿಕೊಂಡು ಹೋದ.

ಉಳಿದದ್ದನ್ನೆಲ್ಲ ನೀಲಾಬಾಯಿಯ ಅಪ್ಪ ಸೂಗಪ್ಪ ತಾನೇ ಸೇರಿಸಿಕೊಂಡ. ಮಗಳನ್ನು ಹೊರಗೆ ಹಾಕಿದ್ದಾರೆ. ಮುಖ ನೋಡಲಾಗದೆ ಹಾಕಿದ್ದಾರೆ. ಇದರಲ್ಲಿ ಅವನಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ, ಏಕೆಂದರೆ ಮದುವೆಯಾದ ದಿನದಿಂದ ಅವನು ಕಾಯುತ್ತಿದ್ದದ್ದೇ ಈ ಸುದ್ದಿಗೆ.

ನೀಲಾಬಾಯಿ ಸಣ್ಣವಳಿದ್ದಾಗ, ನಿಜಾಮ ಸರ್ಕಾರದ ಚುಚ್ಚುಮದ್ದಿನವರು ತಮ್ಮೂರು ಕುರಕುಂಟಾಕ್ಕೆ ಕಾಲಿಡುವ ಮೊದಲೇ, ಅವಳಿಗೆ ಮೈಲಿಬೇನೆ ಬಂದಿತ್ತು. ಊರವರ ಮಾತಿನಲ್ಲಿ ಅಮ್ಮ ಬಂದು ಹೋಗಿದ್ದಳು. ಜೀವ ಉಳಿಯಿತು, ಮುಖದ ತುಂಬ ಕುಳಿ ಉಳಿದವು. ಮೊದಲ ಸಲ ಹೆಣ್ಣು ನೋಡಲು ಬಂದವರಲ್ಲಿ ಒಬ್ಬ ಮುದುಕಿ ಹುಡುಗಿಯ ಗದ್ದ ಹಿಡಿದು ಬೆಳಕಿಗೆ ತಿರುಗಿಸಿದ್ದೇ ತಡ, ಸೂಗಪ್ಪ ಅವಲಕ್ಕಿ ತಾಟನ್ನು ಅಂಗಳಕ್ಕೆ ಎಸೆದು, "ಎಮ್ಮಿ ವ್ಯಾಪಾರಕ್ಕ ಬಂದೀರೇನು? ಏಳ್ರಿ," ಎಂದಿದ್ದ. ಆಮೇಲೆ ಬಹಳ ಕಾಲ ಆ ಮನೆಯ ಕಡೆ ಯಾರೂ ಸುಳಿಯಲಿಲ್ಲ. ಆ ಮುದುಕಿಗೆ ಕಣ್ಣು ಮಂಜಾಗಿತ್ತೆಂದು ತಡವಾಗಿ ತಿಳಿಯಿತು. ಮಗಳು ಕನ್ನಡಿಯನ್ನು ಗೂಟದಿಂದ ತೆಗೆದು ಪೆಟ್ಟಿಗೆಯಲ್ಲಿಟ್ಟಳು ಅಷ್ಟೇ. ಆ ಬರಿ ಗೂಟದ ಕಡೆ ಸೂಗಪ್ಪ ಈಗಲೂ ನೋಡುತ್ತಿರಲಿಲ್ಲ, ಆದರೆ ಸಿಟ್ಟೇನೂ ಕಡಿಮೆಯಾಗಿರಲಿಲ್ಲ.

ಬೆಳಕು ಹರಿಯುವ ಮುಂಚೆ ಗಾಡಿ ಹೂಡಿದ. ಮಗಳನ್ನೂ ಅವಳ ಪೆಟ್ಟಿಗೆಯನ್ನೂ ಹೇರಿಕೊಂಡು ಬರಲಿಕ್ಕೆಂದೇ ಗಾಡಿ.

ಹೆಂಡತಿ ಗುರುಲಿಂಗಮ್ಮ ನೊಗಕ್ಕೆ ಅಡ್ಡ ನಿಂತಳು. "ರಾತ್ರಿ ಅಡ್ಡಮಳಿ ಭಾಳ ಹೊಡದದ. ಎರಿ ದಾರಿ ಹಸಿ ಅದ. ನಾಳಿ ಹೋಗ್ರಿ. ಮೊದಲ ಏನಾಗ್ಯದ ಅಂತ ಕೇಳ್ರಿ."

"ಕೇಳೂದೇನದ? ಸರಿ ಆಕಡಿ."

ದಾರಿಯುದ್ದಕ್ಕೂ ಅವನು ಒಂದೇ ಮಾತನ್ನು ಮಸೆಯುತ್ತಿದ್ದ. ನನ್ನ ಮಗಳ ಮಾರಿ ನೋಡ್ಲಿಕ್ಕಾಗದಿದ್ರ ತಾಳಿ ಯಾಕ ಕಟ್ಟಿಸಿದ್ರಿ? ಬೀಗಿತಿಯ ಮುಖಕ್ಕೇ ಹೇಳಬೇಕು, ಊರೆಲ್ಲ ಕೇಳಬೇಕು. ಒಮ್ಮೆ ಮೆಲ್ಲಗೆ ಹೇಳಿ ನೋಡಿದ, ಒಮ್ಮೆ ಗಟ್ಟಿಯಾಗಿ. ಗಟ್ಟಿಯಾಗಿಯೇ ಚೆನ್ನಾಗಿತ್ತು.

ಸೇಡಮಿನ ಹೆದ್ದಾರಿ ಬಿಟ್ಟು ಹೊಲಗಳ ನಡುವಿನ ಗಾಡಿದಾರಿಗೆ ಇಳಿದ ಮೇಲೆ ಎರೆಮಣ್ಣು ಗಾಲಿಗೆ ಸುತ್ತತೊಡಗಿತು. ಸುತ್ತಿ ಸುತ್ತಿ ಗಾಲಿ ತಿರುಗುವುದನ್ನೇ ಬಿಟ್ಟಿತು. ಸೂಗಪ್ಪ ಬಾರುಕೋಲು ಬೀಸಿದ. ಎಳೆಯ ಎತ್ತು ಹಾರಿತು, ಮೊಣಕಾಲೂರಿತು, ಮತ್ತೆ ಹಾರಿತು. ಹಾರಿದಷ್ಟೂ ಗಾಡಿ ಕೆಳಗಿಳಿಯಿತು. ಮುದಿ ಎತ್ತು ಮಾತ್ರ ನಿಂತಲ್ಲೇ ನಿಂತಿತು. ಅದಕ್ಕೂ ಎರಡು ಬಿಗಿದ. ಅದು ಚರ್ಮ ನಡುಗಿಸಿತೇ ಹೊರತು ಕಾಲು ಕೀಳಲಿಲ್ಲ. ಕೊನೆಗೆ ನೊಗದ ಹಗ್ಗ ಕಿತ್ತು ಹೋಯಿತು, ಸೂಗಪ್ಪನೂ ಮೊಣಕಾಲುದ್ದ ಕೆಸರಿನಲ್ಲಿ ಸಿಕ್ಕಿಕೊಂಡ.

ಬೈಯಲು ಯಾರೂ ಇರಲಿಲ್ಲ. ಎತ್ತು ಬಿಚ್ಚಿ ಬೇವಿನ ಗಿಡಕ್ಕೆ ಕಟ್ಟಿದ. ಕುಳಿತ, ಎದ್ದ, ಹೋಗಿ ಗಾಲಿಗೆ ಒದ್ದ, ಮತ್ತೆ ಬಂದು ಕುಳಿತ. ರೊಟ್ಟಿ ಗಂಟು ಬಿಚ್ಚಿದ, ಹಾಗೇ ಕಟ್ಟಿಟ್ಟ. ಅಷ್ಟು ಹೊತ್ತಿಗೆ ಮಗಳು ಅಲ್ಲಿ ಉಂಡಿದ್ದಾಳೋ ಇಲ್ಲವೋ.

ವೈಶಾಖದ ಬಿಸಿಲು ಏರಿತು. ಬಿಸಿಗಾಳಿ ಬೀಸಿತು. ಮಾಡಲು ಕೆಲಸವಿಲ್ಲದ ರೈತ ಮಣ್ಣನ್ನಲ್ಲದೆ ಇನ್ನೇನು ನೋಡಿಯಾನು? ರಾತ್ರಿ ಅಷ್ಟು ಮಳೆ ಹೊಡೆದರೂ ಆ ನೆಲ ನೀರನ್ನು ಹರಿಯಗೊಟ್ಟಿರಲಿಲ್ಲ. ಬಂದದ್ದನ್ನು ಒಳಗೆ ಎಳೆದುಕೊಂಡು ಸುಮ್ಮನೆ ಕೂತಿತ್ತು, ತನ್ನ ಹದಕ್ಕೆ ತಾನೇ ಬರುತ್ತಿತ್ತು. ಕುರಕುಂಟಾದಲ್ಲಿ ಹದ ನೋಡುವುದೆಂದರೆ ಸೂಗಪ್ಪನೇ. ಮುಂಗಾರಿನಲ್ಲಿ ಊರವರು ಬೀಜ ಹಿಡಿದು ಕುಣಿಯುವಾಗ ಅವನು ಒಂದು ಹಿಡಿ ಮಣ್ಣು ಹಿಚುಕಿ, "ಇನ್ನ ಹಸಿ ಅದ, ತಡೀರಿ," ಅನ್ನುತ್ತಿದ್ದ. ಹಸಿ ಎರೆಗೆ ಅವನು ಒಂದು ದಿನವೂ ಕುಂಟೆ ಇಳಿಸಿದವನಲ್ಲ. ಇವತ್ತು ಗಾಡಿಯನ್ನೇ ಇಳಿಸಿದ್ದ. ಮಣ್ಣಿಗೆ ಕೊಡುವಷ್ಟು ಪುರಸೊತ್ತನ್ನು ಆ ಮಂಜುಗಣ್ಣಿನ ಮುದುಕಿಗೆ ಕೊಟ್ಟಿರಲಿಲ್ಲ. ಈ ಯೋಚನೆ ಅವನಿಗೆ ಸ್ವಲ್ಪವೂ ಹಿಡಿಸಲಿಲ್ಲ, ಆದರೆ ಹೋಗೆಂದರೂ ಅದು ಹೋಗಲಿಲ್ಲ.

ಹೊತ್ತು ವಾಲಿದಾಗ ಒಂದು ಹೆಂಟೆ ಹಿಚುಕಿ ನೋಡಿದ. ಅಂಟಲಿಲ್ಲ, ಪುಡಿಯಾಯಿತು. ಗಾಲಿಯ ಮಣ್ಣು ಕೆರೆದು, ಹಗ್ಗ ಗಂಟು ಹಾಕಿ, ಮುದಿ ಎತ್ತಿನ ಬೆನ್ನು ಸವರಿ ಹೂಡಿದ. ಬಾರುಕೋಲು ಎತ್ತುವ ಮೊದಲೇ ಅದು ಹೆಜ್ಜೆ ಇಟ್ಟಿತು, ಗಾಡಿ ಮೇಲೆ ಬಂತು.

ಆಡಕಿಯ ಹೊಲದಲ್ಲಿ ಗುಡಿಸಲು ಕಂಡೊಡನೆ ಮಸೆದಿಟ್ಟ ಮಾತು ಮತ್ತೆ ನಾಲಿಗೆಯ ತುದಿಗೆ ಬಂತು. ಅಳಿಯ ದೂರದ ಬಾವಿಕಟ್ಟೆಯ ಮೇಲೆ ತಲೆ ತಗ್ಗಿಸಿ ಕೂತಿದ್ದ. ನೋಡು, ಬಂದು ಕಾಲಿಗೆ ನೀರೂ ಕೊಡುತ್ತಿಲ್ಲ. ಸೂಗಪ್ಪನ ಬಾಯಿ ತೆರೆಯಿತು. ಇನ್ನ ಹಸಿ ಅದ, ತಡಿ, ಎಂದು ತನಗೆ ತಾನೇ ಹೇಳಿಕೊಂಡ. ಗಾಡಿ ನಿಲ್ಲಿಸಿ ಇಳಿದ. ಕಾಲಿನ ಕೆಸರು ಉದುರಿಸುವ ನೆಪದಲ್ಲಿ ನಿಂತು ನೋಡಿದ.

ಗುಡಿಸಲ ಬಾಗಿಲಿಗೆ ಬೇವಿನ ತೊಪ್ಪಲು ಕಟ್ಟಿತ್ತು.

ಅದು ಅಮ್ಮ ಬಂದ ಗುರುತು. ಅಮ್ಮ ಬಂದ ಮನೆಯಿಂದ ಯಾರೂ ನೆಂಟರಿಗೆ ಸುದ್ದಿ ಕಳಿಸುವುದಿಲ್ಲ. ಆ ಮನೆಯ ಮುಂದೆ ಯಾರೂ ದನಿ ಎತ್ತುವುದಿಲ್ಲ.

"ಯವ್ವಾ," ಎಂದು ಮೆಲ್ಲಗೆ ಕರೆದ.

ನೀಲಾಬಾಯಿ ಬಾಗಿಲಿಗೆ ಬಂದಳು. ಸೊರಗಿದ್ದಳು, ಆದರೆ ಅತ್ತ ಮುಖವಲ್ಲ. "ಯಪ್ಪಾ, ಅಲ್ಲೇ ನಿಂದರು. ನಮ್ಮ ಅತ್ತಿಯವ್ರಿಗೆ ಅಮ್ಮ ಬಂದಾಳ."

"ನಿನ್ನ ಇಲ್ಲಿ ಯಾರು ಕಳಿಸಿದ್ರವ್ವಾ?"

"ಯಾರೂ ಕಳಿಸಿಲ್ಲ, ಬ್ಯಾಡ ಅಂದ್ರು. ನಾನೇ ಹಟ ಮಾಡಿ ಬಂದೀನಿ. ನನಗ ಒಮ್ಮಿ ಬಂದು ಹೋಗ್ಯಾಳಲ್ಲ, ಇನ್ನ ಬರಂಗಿಲ್ಲ. ನಾ ಅಲ್ಲದ ಯಾರು ಮುಟ್ಟಬೇಕು? ಅವ್ರಿಗೂ ಅಲ್ಲೇ ಇರ್ರಿ ಅಂದೀನಿ, ಹಾಲು ಇಟ್ಟು ದೂರ ಕುಂದರ್ತಾರ." ಅವಳು ಬಾವಿಕಟ್ಟೆಯ ಮೇಲಿನ ಗಂಡನ ಕಡೆ ನೋಡಿದಳು. ಆಮೇಲೆ ಖಾಲಿ ಗಾಡಿಯನ್ನು ನೋಡಿದಳು, ಅಪ್ಪನ ಕೆಸರುಗಾಲನ್ನು ನೋಡಿದಳು. ಅವಳಿಗೆ ತಿಳಿಯಿತು. "ಯಾರಿಗರೆ ಏನರೆ ಅಂದಿ ಏನು ಯಪ್ಪಾ?"

"ಇಲ್ಲವ್ವಾ. ಏನೂ ಅಂದಿಲ್ಲ."

ಒಳಗಿನಿಂದ ಬೀಗಿತಿಯ ಸೋತ ದನಿ ಕೇಳಿತು. "ಯಾರು, ಬೀಗರೇನು? ಕುಂದ್ರಿ. ನಿಮ್ಮ ಮಗಳ ಮಾರಿ ನೋಡಕೋತ ಮಲಗೀನ್ರಿ. ಇಕಿ ಉಳದಾಳ, ನಾನೂ ಉಳೀತೀನಿ ಅಂತ ಧೈರ್ಯ ಬರ್ತದ. ಕಣ್ಣು ತೆರದಾಗೆಲ್ಲ ಅದೊಂದು ಮಾರಿ ಕಂಡ್ರ ಸಾಕು."

ಸೂಗಪ್ಪ ಗಾಲಿಯನ್ನು ಹಿಡಿದುಕೊಂಡ. ಬೆಳಿಗ್ಗೆಯೇ ಕೆಸರು ದಾರಿ ಬಿಟ್ಟುಕೊಟ್ಟಿದ್ದರೆ ಮಸೆದಿಟ್ಟ ಆ ಮಾತು ಈ ಬಾಗಿಲಲ್ಲಿ, ಈ ಬೇವಿನ ತೊಪ್ಪಲ ಮುಂದೆ, ಮಲಗಿದವಳ ಕಿವಿಗೆ ಬೀಳುತ್ತಿತ್ತು. ಮಗಳೂ ಕೇಳುತ್ತಿದ್ದಳು. ಅವನ ಕಣ್ಣಿನಲ್ಲಿ ನೀರು ಬಂತು, ಒರೆಸಿಕೊಳ್ಳಲಿಲ್ಲ.

"ಹಾಂ ಬೀಗಿತಿ, ಕುಂದರ್ತೀನಿ," ಎಂದ. ಎತ್ತು ಬಿಚ್ಚಿ, ಮುದಿಯದಕ್ಕೆ ಮೊದಲು ಮೇವು ಹಾಕಿ, ಬಾವಿಕಟ್ಟೆಗೆ ಹೋಗಿ ಅಳಿಯನ ಪಕ್ಕದಲ್ಲಿ ಕುಳಿತ.